ಚಿತ್ರ ಬೇಡವೆಂದವನ ‘ತಾನು’

ಮೂರನೆಯ ಶತಮಾನದ ರೋಮಿನಲ್ಲಿ ಪಾಠ ಹೇಳುತ್ತಿದ್ದ ಪ್ಲಾಟಿನಸನ ಚಿತ್ರ ಬರೆಸಬೇಕೆಂದು ಅವನ ಶಿಷ್ಯ ಅಮೀಲಿಯಸನಿಗೆ ಆಸೆಯಿತ್ತು. ಅನುಮತಿ ಕೇಳಿದ. ಪ್ರಕೃತಿ ನಮಗೆ ತೊಡಿಸಿರುವ ಈ ಬಿಂಬವನ್ನು ಹೊತ್ತು ತಿರುಗುವುದೇ ಸಾಕಾಗಿದೆ, ಬಿಂಬಕ್ಕೂ ಒಂದು ಬಿಂಬ ಮಾಡಿಸಿ ಅದೇನೋ ನೋಡತಕ್ಕ ವಸ್ತುವೆಂಬಂತೆ ಬಿಟ್ಟುಹೋಗಬೇಕೇ ಎಂಬರ್ಥದ ಮಾತು ಹೇಳಿ ಗುರು ನಿರಾಕರಿಸಿದ. ಅಮೀಲಿಯಸ್ ಅಷ್ಟಕ್ಕೆ ಸುಮ್ಮನಾಗುವವನಲ್ಲ. ಕಾರ್ಟೇರಿಯಸ್ ಎಂಬ ಹೆಸರಾಂತ ಚಿತ್ರಕಾರನನ್ನು ಪಾಠಕ್ಕೆ ಕರೆತಂದು ಕೂರಿಸಿದ; ಪಾಠಕ್ಕೆ ಯಾರು ಬೇಕಾದರೂ ಬರಬಹುದಿತ್ತು. ಚಿತ್ರಕಾರ ನೋಡಿ ನೋಡಿ ಮನಸ್ಸಿನಲ್ಲಿ ತುಂಬಿಕೊಂಡ, ನೆನಪಿನಿಂದ ಬರೆದ, ಅಮೀಲಿಯಸ್ ತಿದ್ದಿಸಿದ. ಗುರುವಿಗೆ ಸುಳಿವಿಲ್ಲದೆಯೇ ಅವನ ಮುಖ ಹಲಗೆಯ ಮೇಲೆ ಮೂಡಿತು. ಇದನ್ನು ನಮಗೆ ತಿಳಿಸಿದವನು ಇನ್ನೊಬ್ಬ ಶಿಷ್ಯ ಪಾರ್ಫಿರಿ. ಗುರುವಿನ ಜೀವನಚರಿತ್ರೆಯನ್ನು ಅವನು ಆರಂಭಿಸುವುದೇ ಈ ಪ್ರಸಂಗದಿಂದ.

ಈ ಪ್ರಸಂಗವನ್ನು ಎರಡು ಬಗೆಯಲ್ಲಿ ಓದಬಹುದು, ಎರಡಕ್ಕೂ ಆಧಾರವಿದೆ. ಪ್ಲಾಟಿನಸ್ ಎಂಬ ಹೆಸರಿನ ಈ ಒಬ್ಬ ಮನುಷ್ಯನಲ್ಲಿ, ಅವನ ಮುಖಚಹರೆಯಲ್ಲಿ, ಹುಟ್ಟೂರಿನಲ್ಲಿ, ಹೆತ್ತವರಲ್ಲಿ ಅವನಿಗೆ ಆಸಕ್ತಿಯೇ ಇರಲಿಲ್ಲ. ಆದ್ದರಿಂದ ನಾವು ಇಂದು ‘ವ್ಯಕ್ತಿ’ ಎನ್ನುವುದು ಅವನ ಲೆಕ್ಕದಲ್ಲಿ ಬಹುಮಟ್ಟಿಗೆ ನಗಣ್ಯ ಎನ್ನಬಹುದು. ಅಥವಾ, ‘ಈ ಮುಖ ನಾನಲ್ಲ’ ಎಂದು ಅಷ್ಟು ನಿಸ್ಸಂದೇಹವಾಗಿ ಹೇಳಬೇಕಾದರೆ ಮುಖಕ್ಕಿಂತ ಆಳದಲ್ಲಿ ‘ನಾನು’ ಎನ್ನಬಹುದಾದ ಯಾವುದೋ ಒಂದರ ಖಚಿತ ಅರಿವು ಅವನಿಗೆ ಇದ್ದಿರಲೇಬೇಕು ಎನ್ನಬಹುದು. ಗ್ರೀಕ್ ಮತ್ತು ರೋಮನ್ ತತ್ತ್ವಚಿಂತನೆಯ ಕೊನೆಯ ಆರು ಶತಮಾನಗಳ ಬಗ್ಗೆ, ಹೆಚ್ಚುಕಡಿಮೆ ಸಿಸೆರೊನಿಂದ ಬೊಯಿಥಿಯಸ್‌ವರೆಗೆ, ವಿದ್ವಾಂಸರಲ್ಲಿ ನಡೆದಿರುವ ವಾದದ ತಿರುಳೂ ಇದೇ. ಒಳಮುಖಿಯಾದ, ಪ್ರತಿಯೊಬ್ಬರಲ್ಲೂ ಬೇರೆಯಾದ ‘ಸ್ವ’ದ ಕಲ್ಪನೆ ಆ ಕಾಲದಲ್ಲಿ ರೂಪುಗೊಂಡಿತೇ? ಅಥವಾ ಡೆಕಾರ್ಟ್ ಮತ್ತು ಕಾಂಟರ ನಂತರದ ನಮ್ಮ ಕಲ್ಪನೆಯನ್ನು ನಾವೇ ಹಳೆಯ ಗ್ರಂಥಗಳೊಳಗೆ ಇಟ್ಟು, ಅಲ್ಲಿಂದಲೇ ಹೊರತೆಗೆದಂತೆ ಆಶ್ಚರ್ಯಪಡುತ್ತಿದ್ದೇವೆಯೇ?

ಮೊದಲು ಪದದ ತೊಡಕು. ಗ್ರೀಕ್ ಭಾಷೆಯಲ್ಲಿ ‘ಸ್ವ’ ಎಂಬುದಕ್ಕೆ ಒಪ್ಪುವ ಸಿದ್ಧ ನಾಮಪದವಿಲ್ಲ. ‘ತಾನು’, ‘ತನ್ನನ್ನು’, ‘ನಾವು’ ಎಂಬ ಸರ್ವನಾಮಗಳಿಂದಲೇ ಆ ಚಿಂತಕರು ಕೆಲಸ ಸಾಗಿಸಿದರು. ಕನ್ನಡಿಗರಿಗೆ ಇದು ವಿಚಿತ್ರವಾಗಿ ಕಾಣಬೇಕಿಲ್ಲ. ನಮ್ಮ ‘ತಾನು’ ಕೂಡ ಯಾವ ವಸ್ತುವನ್ನೂ ಹೆಸರಿಸದೆ ಹೇಳಿದ ಮಾತನ್ನು ಹೇಳಿದವರ ಕಡೆಗೇ ತಿರುಗಿಸುವ ಪದ. ಆದರೆ ಅನುವಾದಕ್ಕೆ ಕುಳಿತಾಗ ಕೈ ತಾನಾಗಿ ‘ಆತ್ಮ’ದತ್ತ ಹೋಗುತ್ತದೆ. ಆ ಪದ ಬಂದ ಕೂಡಲೇ ಉಪನಿಷತ್ತುಗಳ ಇಡೀ ಪರಿವಾರವೂ ಜೊತೆಗೆ ಬಂದು ಕೂರುತ್ತದೆ. ಈ ಬರಹದಲ್ಲಿ ಆದಷ್ಟೂ ‘ತಾನು’, ‘ಸ್ವ’ ಎಂದೇ ಬಳಸಿದ್ದೇನೆ. ಇದರಿಂದಲೂ ತೊಡಕು ಪೂರ್ತಿ ತಪ್ಪುವುದಿಲ್ಲ, ಒಂದಿಷ್ಟು ಕಡಿಮೆಯಾಗಬಹುದು.

‘ಸ್ವ’ ಅಲ್ಲಿ ಇತ್ತು ಎನ್ನುವವರು ಮೊದಲು ತೆರೆಯುವುದು ಸಿಸೆರೊನ ಪುಸ್ತಕವನ್ನು. ಕ್ರಿ.ಪೂ. 44ರಲ್ಲಿ ಮಗನಿಗಾಗಿ ಬರೆದ ಕರ್ತವ್ಯಗಳ ಕುರಿತ ಗ್ರಂಥದಲ್ಲಿ, ಸ್ಟೋಯಿಕ್ ಚಿಂತಕ ಪನೇಟಿಯಸನನ್ನು ಅನುಸರಿಸಿ, ಪ್ರತಿ ಮನುಷ್ಯನೂ ನಾಲ್ಕು ಪಾತ್ರಗಳನ್ನು ಧರಿಸಿರುತ್ತಾನೆ ಎಂದು ಅವನು ವಿವರಿಸುತ್ತಾನೆ. ಮೊದಲನೆಯದು ವಿವೇಕವುಳ್ಳ ಪ್ರಾಣಿಯಾಗಿ ಎಲ್ಲರಿಗೂ ಸಮಾನವಾದದ್ದು. ಎರಡನೆಯದು ಒಬ್ಬೊಬ್ಬರಿಗೂ ಪ್ರಕೃತಿ ಬೇರೆಬೇರೆಯಾಗಿ ಕೊಟ್ಟ ಸ್ವಭಾವ. ಉಳಿದೆರಡು ಹುಟ್ಟು, ಸ್ಥಿತಿಗತಿಗಳಿಂದ ಬಂದದ್ದು ಮತ್ತು ತಾನೇ ಆರಿಸಿಕೊಂಡದ್ದು. ಕ್ರಿ.ಪೂ. 46ರಲ್ಲಿ ಸೀಸರನಿಗೆ ಶರಣಾಗಲು ಒಪ್ಪದೆ ಉಟಿಕಾದಲ್ಲಿ ಪ್ರಾಣ ಕಳೆದುಕೊಂಡ ಕೇಟೋನನ್ನು ಅವನು ಉದಾಹರಿಸುತ್ತಾನೆ. ಅದೇ ಸ್ಥಿತಿಯಲ್ಲಿದ್ದ ಇತರರು ಹಾಗೆಯೇ ಮಾಡಿದ್ದರೆ ಬಹುಶಃ ತಪ್ಪೆನಿಸುತ್ತಿತ್ತು, ಕೇಟೋನ ಸ್ವಭಾವಕ್ಕೆ ಮಾತ್ರ ಅದು ತಕ್ಕದ್ದಾಗಿತ್ತು ಎಂಬುದು ಸಿಸೆರೊನ ತೀರ್ಪು. ಒಂದೇ ಸನ್ನಿವೇಶ, ಒಂದೇ ನೀತಿ. ಆದರೂ ಮಾಡುವವನು ಯಾರೆಂಬುದರ ಮೇಲೆ ಸರಿತಪ್ಪು ಬದಲಾಗುತ್ತದೆ. 2006ರಲ್ಲಿ ಈ ವಿಷಯದ ಬಗ್ಗೆಯೇ ದೊಡ್ಡ ಗ್ರಂಥ ಬರೆದ ರಿಚರ್ಡ್ ಸೊರಾಬ್ಜಿಯವರಂಥವರಿಗೆ, ವ್ಯಕ್ತಿಯ ಅನನ್ಯತೆಯನ್ನು ಪ್ರಾಚೀನರು ಗಂಭೀರವಾಗಿ ಪರಿಗಣಿಸಿದ್ದರು ಎನ್ನಲು ಇಂಥ ಪುರಾವೆಗಳು ಸಾಕು.

ಪ್ರತಿವಾದಿಗಳೂ ಅದೇ ಪುಟವನ್ನು ತೋರಿಸುತ್ತಾರೆ. ಪಾತ್ರಕ್ಕೆ ಸಿಸೆರೊ ಬಳಸಿದ ಲ್ಯಾಟಿನ್ ಪದ ‘ಪರ್ಸೋನ’. ಅದು ರಂಗಭೂಮಿಯ ಮುಖವಾಡದ ಹೆಸರು. ಮುಖವಾಡ ಇರುವುದು ನೋಡುವವರಿಗಾಗಿ. ಒಳಗಿನ ಗುಟ್ಟನ್ನು ಹೇಳುವುದು ಅದರ ಕೆಲಸವಲ್ಲ. ಸಿಸೆರೊ ಅಲ್ಲಿ ಚರ್ಚಿಸುತ್ತಿರುವುದು ಔಚಿತ್ಯವನ್ನು, ಅಂದರೆ ನಾಲ್ಕು ಜನರ ಕಣ್ಣಿಗೆ ಬದುಕು ಹೊಂದಿಕೆಯಿಂದ ಕಾಣುವುದನ್ನು. ಜೊತೆಗೆ, ಎರಡನೆಯ ಪಾತ್ರವನ್ನು ಮೊದಲನೆಯದಕ್ಕೆ ವಿರೋಧ ಬಾರದಷ್ಟು ಮಟ್ಟಿಗೆ ಮಾತ್ರ ಅನುಸರಿಸಬೇಕೆಂದು ಅವನೇ ಗೆರೆ ಹಾಕುತ್ತಾನೆ. ಕ್ರಿಸ್ಟೋಫರ್ ಗಿಲ್ ಅವರ ಸುದೀರ್ಘ ವಾದದ ಜಾಡೂ ಇದೇ. ಅವರ ಪ್ರಕಾರ ಪ್ರಾಚೀನರು ಮನುಷ್ಯನನ್ನು ತನ್ನ ಪ್ರಜ್ಞೆಯೊಳಗೆ ಒಬ್ಬಂಟಿಯಾಗಿ ಕುಳಿತ ‘ನಾನು’ ಎಂದು ಕಾಣಲಿಲ್ಲ. ದೇಹ ಮತ್ತು ಮನಸ್ಸು ಕೂಡಿದ ಒಂದು ರಚನೆಯಾಗಿ, ಸಮುದಾಯದ ಬದುಕಿನಲ್ಲಿ ಪಾಲ್ಗೊಳ್ಳುವವನಾಗಿ ಕಂಡರು. ಈ ಪಾಲ್ಗೊಳ್ಳುವವನನ್ನು ಆಧುನಿಕ ‘ನಾನು’ವಿನ ಅಪಕ್ವ ರೂಪವೆಂದು ಭಾವಿಸಿದರೆ ಅವನಿಗೂ ಅನ್ಯಾಯ, ನಮಗೂ ನಷ್ಟ.

ಕೇಟೋನ ವಿಷಯದಲ್ಲಿ ಎರಡೂ ಪಕ್ಷಗಳು ಸರಿಸಮ ಎನಿಸಬಹುದು. ಎಪಿಕ್ಟೀಟಸನಲ್ಲಿ ತಕ್ಕಡಿ ಒಂದಿಷ್ಟು ಅಲುಗಾಡುತ್ತದೆ. ಫ್ರಿಜಿಯಾದ ಹಿಯರಾಪೊಲಿಸ್‌ನಲ್ಲಿ ಹುಟ್ಟಿ, ನೀರೋನ ಆಸ್ಥಾನದ ಅಧಿಕಾರಿ ಎಪಫ್ರೊಡಿಟಸನ ಗುಲಾಮನಾಗಿದ್ದವನು ಇವನು. ಬಿಡುಗಡೆ ಪಡೆದು, ಡೊಮಿಷಿಯನ್ ಚಕ್ರವರ್ತಿ ತತ್ತ್ವಜ್ಞಾನಿಗಳನ್ನು ಹೊರಹಾಕಿದಾಗ ನಿಕೊಪೊಲಿಸ್‌ಗೆ ಹೋಗಿ ಶಾಲೆ ತೆರೆದ. ತಾನೇನೂ ಬರೆಯಲಿಲ್ಲ, ಶಿಷ್ಯ ಆರಿಯನ್ ಬರೆದಿಟ್ಟ ಪ್ರವಚನಗಳಲ್ಲಿ ನಾಲ್ಕು ಭಾಗಗಳು ಉಳಿದಿವೆ. ಮೊದಲ ಭಾಗದ ಎರಡನೆಯ ಪ್ರವಚನದ ವಿಷಯ, ಯಾವುದೇ ಸಂದರ್ಭದಲ್ಲಿ ತನ್ನ ಪಾತ್ರಕ್ಕೆ ತಕ್ಕಂತೆ ನಡೆಯುವುದು ಹೇಗೆ ಎಂಬುದು. ಮಾಲೀಕನ ಮೂತ್ರಪಾತ್ರೆ ಹಿಡಿಯುವ ಕೆಲಸವನ್ನು ಅವನು ಉದಾಹರಣೆಗೆ ತೆಗೆದುಕೊಳ್ಳುತ್ತಾನೆ. ಹಿಡಿಯದಿದ್ದರೆ ಏಟು ಬೀಳುತ್ತದೆ, ಊಟ ತಪ್ಪುತ್ತದೆ. ಹಾಗಾಗಿ ಒಬ್ಬನಿಗೆ ಹಿಡಿಯುವುದೇ ಸರಿ. ಇನ್ನೊಬ್ಬನಿಗೆ ಬೇರೊಬ್ಬರು ತನ್ನೆದುರು ಹಿಡಿಯುವುದನ್ನು ನೋಡಲೂ ಆಗದು. ಯಾರು ಸರಿ ಎಂದು ಕೇಳಿದರೆ ಎಪಿಕ್ಟೀಟಸ್ ಉತ್ತರಿಸುವುದಿಲ್ಲ, ಪ್ರಶ್ನೆಯನ್ನು ಕೇಳಿದವನಿಗೇ ಹಿಂದಿರುಗಿಸುತ್ತಾನೆ. ನಿನ್ನ ಬೆಲೆ ಎಷ್ಟೆಂದು ನಿನಗೆ ಗೊತ್ತಿರಬೇಕು, ಎಷ್ಟಕ್ಕೆ ನಿನ್ನನ್ನು ಮಾರಿಕೊಳ್ಳುತ್ತೀಯೆಂದು ನೀನೇ ನೋಡಿಕೊಳ್ಳಬೇಕು ಎಂಬುದು ಅವನ ಮಾತಿನ ಸಾರ. ಸ್ವತಃ ಮಾರಾಟದ ವಸ್ತುವಾಗಿದ್ದವನ ಬಾಯಲ್ಲಿ ಈ ರೂಪಕ ಬರೀ ಅಲಂಕಾರವಾಗಿ ಕೇಳುವುದಿಲ್ಲ.

ಅಲ್ಲಿಯೇ ಸೆನೆಟ್ ಸದಸ್ಯ ಹೆಲ್ವಿಡಿಯಸ್ ಪ್ರಿಸ್ಕಸನ ಕಥೆಯೂ ಬರುತ್ತದೆ. ಸೆನೆಟ್‌ಗೆ ಬರಬೇಡ ಎಂದು ವೆಸ್ಪೇಷಿಯನ್ ಚಕ್ರವರ್ತಿ ಹೇಳಿಕಳಿಸಿದಾಗ, ಸದಸ್ಯನಾಗಿರುವವರೆಗೆ ಬರುವುದು ನನ್ನ ಕರ್ತವ್ಯ ಎನ್ನುತ್ತಾನೆ ಅವನು. ಬಂದರೂ ಮಾತಾಡಬೇಡ ಎಂದರೆ, ನನ್ನ ಅಭಿಪ್ರಾಯ ಕೇಳಬೇಡ ಎನ್ನುತ್ತಾನೆ. ಕೊಲ್ಲಿಸುತ್ತೇನೆ ಎಂದಾಗ, ನನಗೆ ಸಾವಿಲ್ಲವೆಂದು ನಾನು ಯಾವಾಗ ಹೇಳಿದ್ದೆ, ನಿನ್ನ ಕೆಲಸ ನೀನು ಮಾಡು, ನನ್ನದು ನಾನು ಮಾಡುತ್ತೇನೆ ಎಂಬ ಧಾಟಿಯ ಉತ್ತರ. ಒಬ್ಬನೇ ಒಬ್ಬ ಎದುರು ನಿಂತು ಆದ ಪ್ರಯೋಜನವೇನು? ಬಟ್ಟೆಗೆ ಒಂದು ಕೆನ್ನೀಲಿ ಎಳೆಯಿಂದ ಆಗುವ ಪ್ರಯೋಜನವೇ ಎಂದು ಎಪಿಕ್ಟೀಟಸನ ಸಮಾಧಾನ. ಬಿಳಿಯ ಎಳೆಗಳ ನಡುವೆ ಒಂದು ಎಳೆ ಬೇರೆ ಬಣ್ಣದ್ದಾಗಿರುವುದಕ್ಕೂ ಬೆಲೆಯಿದೆ ಎನ್ನುವ ತತ್ತ್ವ, ‘ಎಲ್ಲರಲ್ಲೂ ಇರುವ ಒಂದೇ ವಿವೇಕ’ ಎಂಬ ಸೂತ್ರದೊಳಗೆ ಸಲೀಸಾಗಿ ಕೂರುವುದಿಲ್ಲ.

ಹಾಗಿದ್ದೂ ಎದುರುಪಕ್ಷದ ಉತ್ತರವನ್ನು ಹಗುರವಾಗಿ ಕಾಣುವಂತಿಲ್ಲ. ಎಪಿಕ್ಟೀಟಸನ ಮಟ್ಟಿಗೆ ನಾನು ಅಂದರೆ ದೇಹವಲ್ಲ, ಕೂದಲಲ್ಲ. ಅವನು ‘ಪ್ರೊಹೈರೆಸಿಸ್’ ಎಂದು ಕರೆದದ್ದು, ಅಂದರೆ ಒಪ್ಪುವ, ನಿರಾಕರಿಸುವ, ಆರಿಸಿಕೊಳ್ಳುವ ಶಕ್ತಿ. ಕಾಲಿಗೆ ಸಂಕೋಲೆ ತೊಡಿಸಬಹುದು, ಈ ಶಕ್ತಿಗೆ ದೇವರಾಜ ಜ್ಯೂಸ್ ಕೂಡ ತೊಡಿಸಲಾರ ಎಂಬುದು ಅವನ ಹೆಸರಾಂತ ನಿಲುವು. ಆದರೆ ಈ ಶಕ್ತಿ ಜ್ಯೂಸ್ ತನ್ನಿಂದಲೇ ಮುರಿದುಕೊಟ್ಟ ಒಂದು ತುಣುಕು ಎಂದೂ ಅವನೇ ಹೇಳುತ್ತಾನೆ. ಗುಲಾಮನಲ್ಲೂ ಚಕ್ರವರ್ತಿಯಲ್ಲೂ ಆ ತುಣುಕಿನ ಗುಣ ಒಂದೇ, ಅದು ಸರಿಯಾಗಿ ಕೆಲಸ ಮಾಡಿದಾಗ ಮುಟ್ಟುವ ತೀರ್ಮಾನವೂ ಒಂದೇ. ಹೆಂಡತಿ ಮಕ್ಕಳಿಗೆ ಮುತ್ತಿಡುವಾಗಲೂ ಒಬ್ಬ ಮರ್ತ್ಯ ಮನುಷ್ಯನಿಗೆ ಮುತ್ತಿಡುತ್ತಿದ್ದೇನೆಂದು ಹೇಳಿಕೊ, ಆಗ ಅವರು ಸತ್ತರೆ ಕಲಕಿಹೋಗುವುದಿಲ್ಲ ಎಂಬ ಅವನ ಉಪದೇಶ ಈ ಸಿದ್ಧಾಂತದ ಕಟು ತುದಿ. ಅದನ್ನು ಅವನು ಒಡೆದುಹೋಗುವ ಮಡಕೆಗೆ ಹೋಲಿಸಿ ವಿವರಿಸುತ್ತಾನೆ. ಪ್ರತಿಯೊಬ್ಬರ ಅನನ್ಯತೆಯೇ ಅವನ ಚಿಂತನೆಯ ಕೇಂದ್ರವಾಗಿದ್ದರೆ ಈ ಮಾತು ಇಷ್ಟು ಸರಾಗವಾಗಿ ಬರುತ್ತಿತ್ತೇ ಎಂಬ ಅನುಮಾನ ನ್ಯಾಯವಾದದ್ದು.

ಸೆನೆಕನ ಸುತ್ತ ನಡೆದ ವಿವಾದ ಹೆಚ್ಚು ಪ್ರಸಿದ್ಧ. ಲುಸಿಲಿಯಸ್ ಎಂಬ ಗೆಳೆಯನಿಗೆ ಅವನು ಬರೆದ 124 ಪತ್ರಗಳು ನಮಗೆ ಉಳಿದಿವೆ. ಮೊದಲನೆಯ ಪತ್ರವೇ ನಿನ್ನನ್ನು ನೀನು ನಿನಗಾಗಿ ಬಿಡಿಸಿಕೊ ಎಂಬ ಕರೆಯಿಂದ ಶುರುವಾಗುತ್ತದೆ. ಕೋಪದ ಕುರಿತ ಗ್ರಂಥದಲ್ಲಿ ತನ್ನ ರಾತ್ರಿಯ ಅಭ್ಯಾಸವೊಂದನ್ನು ಅವನು ಹೇಳಿಕೊಂಡಿದ್ದಾನೆ. ದೀಪ ತೆಗೆದ ಮೇಲೆ, ತನ್ನ ರೂಢಿ ಬಲ್ಲ ಹೆಂಡತಿ ಮೌನವಾದ ಮೇಲೆ, ಇಡೀ ದಿನದ ನಡೆನುಡಿಗಳನ್ನು ತನ್ನೆದುರು ಹರಡಿಕೊಂಡು ತಾನೇ ವಿಚಾರಣೆ ನಡೆಸುತ್ತಾನೆ. 1984ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಮಿಶೆಲ್ ಫೂಕೋ ಇಂಥ ಪುಟಗಳನ್ನು ಆಧರಿಸಿ, ಕ್ರಿಸ್ತಶಕದ ಮೊದಲೆರಡು ಶತಮಾನಗಳಲ್ಲಿ ‘ತನ್ನ ಬಗೆಗಿನ ಕಾಳಜಿ’ ಎಂಬ ಒಂದು ಸಂಸ್ಕೃತಿಯೇ ಬೆಳೆಯಿತು ಎಂದು ವಾದಿಸಿದ. ದಿನಚರಿ, ಪತ್ರ, ಉಪವಾಸ, ಆತ್ಮಪರೀಕ್ಷೆ ಇವೆಲ್ಲ ಮನುಷ್ಯ ತನ್ನನ್ನು ತಾನು ರೂಪಿಸಿಕೊಳ್ಳುವ ತಂತ್ರಗಳಾದವು. ಹೊರಗಿನ ಕಟ್ಟಳೆಗೆ ತಲೆಬಾಗುವುದಕ್ಕಿಂತ ಬದುಕನ್ನು ಒಂದು ಕಲಾಕೃತಿಯಂತೆ ತಿದ್ದಿಕೊಳ್ಳುವುದು ಅಲ್ಲಿ ಮುಖ್ಯವಾಗಿತ್ತು ಎಂಬ ಅವನ ಓದಿಗೆ ಒಂದು ಆಕರ್ಷಣೆಯಿದೆ, ಪಠ್ಯಾಧಾರವೂ ಇದೆ.

ಫೂಕೋ ತೀರಿಕೊಂಡ ಮೇಲೆ ಅವನ ಗೌರವಾರ್ಥ ಬರೆದ ಲೇಖನವೊಂದರಲ್ಲಿಯೇ ಪಿಯೆರ್ ಹದೊ ಸೌಜನ್ಯದಿಂದ, ಆದರೆ ಗಟ್ಟಿಯಾಗಿ ಆಕ್ಷೇಪಿಸಿದ. ಹದೊನ ಓದನ್ನು ಅಲ್ಲಗಳೆಯುವುದು ಸುಲಭವಲ್ಲ. ಸೆನೆಕ 23ನೆಯ ಪತ್ರದಲ್ಲಿ ಹೇಳುವ ಆನಂದ ಸೆನೆಕ ಎಂಬ ವ್ಯಕ್ತಿ ತನ್ನಲ್ಲಿ ತಾನು ಪಡುವ ಆನಂದವಲ್ಲ. ತನ್ನ ಅತ್ಯುತ್ತಮ ಭಾಗದಿಂದ ಹುಟ್ಟುವ ಆನಂದ. ಆ ಅತ್ಯುತ್ತಮ ಭಾಗವೆಂದರೆ ವಿಶ್ವವನ್ನು ನಡೆಸುವ ವಿವೇಕದ ಪಾಲು. ಹಾಗಾದರೆ ಒಳಗೆ ತಿರುಗುವುದು ಅರ್ಧ ದಾರಿ. ಉಳಿದರ್ಧ, ತನ್ನನ್ನು ದಾಟಿ ಇಡೀ ವಿಶ್ವದ ದೃಷ್ಟಿಗೆ ಏರುವುದು. ಇದನ್ನು ಬಿಟ್ಟರೆ ಸ್ಟೋಯಿಕರು ಇಪ್ಪತ್ತನೆಯ ಶತಮಾನದ ಪ್ಯಾರಿಸ್ಸಿನ ಸೊಗಸುಗಾರರಂತೆ ಕಂಡುಬಿಡುವ ಅಪಾಯವಿದೆ. ಆದರೂ ಫೂಕೋ ಪರವಾಗಿ ಒಂದು ಮಾತು ಉಳಿಯುತ್ತದೆ. ಗುರಿ ಏನೇ ಇರಲಿ, ದೀಪ ಆರಿದ ಮೇಲೆ ಆ ಕೋಣೆಯಲ್ಲಿ ವಿಚಾರಣೆಗೆ ನಿಂತದ್ದು ವಿಶ್ವವಿವೇಕವಲ್ಲ. ಅಂದು ಯಾರ ಮೇಲೋ ರೇಗಿದ್ದ, ನಾಳೆ ಮತ್ತೆ ರೇಗಬಹುದಾದ ಒಬ್ಬ ಮನುಷ್ಯ.

ಚಕ್ರವರ್ತಿ ಮಾರ್ಕಸ್ ಅರೇಲಿಯಸನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಅವನ ಟಿಪ್ಪಣಿಗಳನ್ನು ಇಬ್ಬರೂ ಸಮನಾಗಿ ಬಳಸಿಕೊಳ್ಳುತ್ತಾರೆ. ಮನಸ್ಸನ್ನು ಕೋಟೆಯೆಂದು ಕರೆದು ಒಳಗೆ ಹೋಗು ಎನ್ನುವವನೂ ಅವನೇ. ಆಂಟೊನೈನಸ್ ಎಂಬ ಹೆಸರಿನವನಾಗಿ ನನ್ನ ಊರು ರೋಮ್, ಮನುಷ್ಯನಾಗಿ ನನ್ನ ಊರು ವಿಶ್ವ ಎಂಬ ಭಾವ ಬರೆದವನೂ ಅವನೇ. ಎರಡು ಪೌರತ್ವಗಳನ್ನೂ ಅವನು ಬಿಟ್ಟುಕೊಡಲಿಲ್ಲ.

ಪ್ಲುಟಾರ್ಕನ ಸಂಗತಿ ಇನ್ನೂ ಕುತೂಹಲದ್ದು. ಒಬ್ಬನೇ ಲೇಖಕ ಎರಡು ಪಕ್ಷಕ್ಕೂ ಸಾಕ್ಷಿ ನುಡಿದಿದ್ದಾನೆ. ಮನಃಶಾಂತಿಯ ಕುರಿತ ಪ್ರಬಂಧದಲ್ಲಿ ಪಾತಾಳಲೋಕದ ಒಬ್ಬ ಹಗ್ಗ ಹೊಸೆಯುವವನ ಚಿತ್ರವನ್ನು ಅವನು ನೆನೆಯುತ್ತಾನೆ. ಅವನು ಹೊಸೆಯುತ್ತ ಹೋದಂತೆ ಹಿಂದೆ ನಿಂತ ಕತ್ತೆ ಹಗ್ಗವನ್ನು ತಿನ್ನುತ್ತ ಬರುತ್ತದೆ. ಕಳೆದುದನ್ನು ನೆನಪಿನಲ್ಲಿ ಹಿಡಿದಿಡದ ಅವಿವೇಕಿಗಳ ಬದುಕು ಹೀಗೆ. ನೆನಪಿನಿಂದ ನಿನ್ನೆಯನ್ನು ಇಂದಿಗೆ ನೇಯ್ದುಕೊಂಡವನ ಬದುಕು ಮಾತ್ರ ಒಂದೇ ಬದುಕಾಗುತ್ತದೆ ಎಂಬುದು ಅಲ್ಲಿಯ ವಾದ. ಸ್ವ ಎಂಬುದು ಕೊಟ್ಟದ್ದಲ್ಲ, ನೇಯ್ದದ್ದು, ನೇಯುವವನು ತಾನೇ. ಇದಕ್ಕಿಂತ ವೈಯಕ್ತಿಕವಾದ ಕಲ್ಪನೆ ಬೇಕೆ? ಆದರೆ ಡೆಲ್ಫಿ ಗುಡಿಯ ಅರ್ಚಕನಾಗಿದ್ದ ಅದೇ ಪ್ಲುಟಾರ್ಕ್, ಆ ಗುಡಿಯಲ್ಲಿದ್ದ ‘ಇ’ ಅಕ್ಷರದ ಅರ್ಥ ಶೋಧಿಸುವ ಸಂವಾದದಲ್ಲಿ ತನ್ನ ಗುರು ಅಮೋನಿಯಸನಿಂದ ತದ್ವಿರುದ್ಧ ಮಾತಾಡಿಸುತ್ತಾನೆ. ಮಗು ಸತ್ತು ಹುಡುಗ, ಹುಡುಗ ಸತ್ತು ಯುವಕ, ನಿನ್ನೆಯವನು ಸತ್ತು ಇಂದಿನವನು. ನಮ್ಮಲ್ಲಿ ಯಾರೂ ಒಬ್ಬರಾಗಿ ಉಳಿಯುವುದಿಲ್ಲ, ‘ಇದ್ದೀಯೆ’ ಎಂದು ನಿಜವಾಗಿ ಸಂಬೋಧಿಸಬಹುದಾದದ್ದು ದೇವರನ್ನು ಮಾತ್ರ. ಎರಡೂ ಬರಹಗಳನ್ನು ಒಟ್ಟಿಗೆ ಓದಿದವರಿಗೆ ಆ ಕಾಲದ ನಿಲುವು ಇದೇ ಎಂದು ಒಂದೇ ವಾಕ್ಯದಲ್ಲಿ ಹೇಳಲು ನಾಲಗೆ ಏಳುವುದಿಲ್ಲ.

ಮತ್ತೆ ಪ್ಲಾಟಿನಸನ ಬಳಿಗೆ. ಜೀವನದ ಕೊನೆಯ ದಿನಗಳಲ್ಲಿ ಬರೆದ, ಕಾಲಾನುಕ್ರಮದಲ್ಲಿ 53ನೆಯದಾದ ಪ್ರಬಂಧದಲ್ಲಿ ಅವನು ಎತ್ತುವ ಪ್ರಶ್ನೆ ಸರಳವೂ ತಬ್ಬಿಬ್ಬುಗೊಳಿಸುವಂಥದ್ದೂ ಆಗಿದೆ. ಸುಖ, ದುಃಖ, ಭಯ, ಆಸೆ ಇವು ಯಾರಿಗೆ ಆಗುತ್ತವೆ? ಈ ಪ್ರಶ್ನೆ ಕೇಳುತ್ತಿರುವುದು ಯಾರು? ಪ್ರಶ್ನೆ ಕೇಳುವವನ ಕಡೆಗೇ ಪ್ರಶ್ನೆಯನ್ನು ಹೀಗೆ ತಿರುಗಿಸಿದ್ದನ್ನು ಹಲವರು ತತ್ತ್ವಶಾಸ್ತ್ರದ ಚರಿತ್ರೆಯ ಒಂದು ತಿರುವೆಂದು ಪರಿಗಣಿಸುತ್ತಾರೆ. ಅವನ ಉತ್ತರದಲ್ಲಿ ಬರುವ ಕರ್ತೃಪದ ‘ನಾವು’. ಈ ‘ನಾವು’ ಒಂದು ಸ್ಥಿರ ವಸ್ತುವಲ್ಲ. ಮೇಲೆ ಪ್ರಜ್ಞಾಲೋಕದಿಂದ ಕೆಳಗೆ ಹಸಿವು ಬಾಯಾರಿಕೆಯವರೆಗೆ ಹಬ್ಬಿದ ಏಣಿಯಲ್ಲಿ ಗಮನ ಎಲ್ಲಿ ನಿಲ್ಲುತ್ತದೋ ಅಲ್ಲಿ ‘ನಾವು’ ಇರುತ್ತೇವೆ. ಒಬ್ಬೊಬ್ಬ ವ್ಯಕ್ತಿಗೂ ಮೇಲಿನ ಲೋಕದಲ್ಲಿ ಪ್ರತ್ಯೇಕ ಮೂಲರೂಪ ಉಂಟೇ ಎಂದು ಒಂದು ಕಿರುಪ್ರಬಂಧದಲ್ಲಿ ಕೇಳಿಕೊಂಡು ಉಂಟು ಎನ್ನುವತ್ತ ಅವನು ವಾಲುತ್ತಾನೆ. ಎಲ್ಲ ಬರಹಗಳಲ್ಲೂ ಅವನ ನಿಲುವು ಅದೇ ಆಗಿತ್ತೇ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಇನ್ನೊಂದೆಡೆ ಅವನು ಹೇಳುವ ಪರಮ ಅನುಭವದಲ್ಲಿ ನೋಡುವವನು, ನೋಡಲ್ಪಡುವುದು ಎಂಬ ಭೇದವೇ ಕರಗುತ್ತದೆ. ಅಲ್ಲಿ ಯಾವ ‘ನಾವು’ ಉಳಿಯುತ್ತದೆ ಎಂದು ಎದುರುಪಕ್ಷ ಕೇಳಿದರೆ ಚುಟುಕಾದ ಉತ್ತರವಿಲ್ಲ.

ಇಲ್ಲಿ ಅದ್ವೈತವನ್ನು ನೆನೆಯುವುದು ನಮ್ಮ ಓದುಗರಿಗೆ ಸಹಜ. ಪರ್ಷಿಯನ್ನರ ಮತ್ತು ಭಾರತೀಯರ ತತ್ತ್ವಗಳನ್ನು ತಿಳಿಯುವ ಹಂಬಲದಿಂದ 39ರ ವಯಸ್ಸಿನಲ್ಲಿ ಪ್ಲಾಟಿನಸ್ ಮೂರನೆಯ ಗಾರ್ಡಿಯನ್ ಚಕ್ರವರ್ತಿಯ ದಂಡಿನೊಡನೆ ಪೂರ್ವಕ್ಕೆ ಹೊರಟದ್ದು ನಿಜ. ಚಕ್ರವರ್ತಿ ಮೆಸೊಪೊಟೇಮಿಯದಲ್ಲಿ ಸತ್ತ, ಪ್ಲಾಟಿನಸ್ ಕಷ್ಟಪಟ್ಟು ಆಂಟಿಯೋಕ್ ಸೇರಿಕೊಂಡ, ಭಾರತ ತಲುಪಲಿಲ್ಲ. ಅವನ ಚಿಂತನೆಯಲ್ಲಿ ಉಪನಿಷತ್ತಿನ ಪ್ರಭಾವವಿದೆಯೆಂದು ಫ್ರಾನ್ಸಿನ ಎಮಿಲ್ ಬ್ರೇಯೆ ಹೇಳಿದರೆ, ಗ್ರೀಕ್ ಪರಂಪರೆಯೊಳಗಿನಿಂದಲೇ ಅದನ್ನು ವಿವರಿಸಬಹುದೆಂದು ಎ. ಎಚ್. ಆರ್ಮ್‌ಸ್ಟ್ರಾಂಗ್ 1936ರಲ್ಲಿ ಉತ್ತರಿಸಿದರು. ಹೋಲಿಕೆಯಿಂದ ಪ್ರಭಾವವನ್ನು ಸಾಧಿಸಲಾಗದು ಎಂಬಷ್ಟನ್ನು ಒಪ್ಪಿ ಮುಂದೆ ಹೋಗುವುದು ಒಳಿತು.

ಸ್ವದ ನಿಜವಾದ ಹುಟ್ಟು ಅಗಸ್ಟೀನನಲ್ಲಿ ಎನ್ನುವವರು ಮೂರನೆಯ ಗುಂಪು. 1989ರ ಗ್ರಂಥದಲ್ಲಿ ಚಾರ್ಲ್ಸ್ ಟೇಲರ್ ಮಂಡಿಸಿದ ವಾದ ಇದಕ್ಕೆ ಹೆಚ್ಚು ಪ್ರಚಾರ ಕೊಟ್ಟಿತು. 400ರ ಆಸುಪಾಸಿನಲ್ಲಿ ಮುಗಿದ ‘ಕನ್ಫೆಷನ್ಸ್’ನ ಹತ್ತನೆಯ ಭಾಗದಲ್ಲಿ ಅಗಸ್ಟೀನ್ ತನ್ನ ನೆನಪಿನೊಳಗೆ ಹೊಲಗಳಲ್ಲಿ, ಅರಮನೆಗಳಲ್ಲಿ ಓಡಾಡಿದಂತೆ ಓಡಾಡುತ್ತಾನೆ, ತನಗೆ ತಾನೇ ಪ್ರಶ್ನೆಯಾಗಿಬಿಡುತ್ತಾನೆ. ನಾನು ಮೋಸಹೋಗುತ್ತಿದ್ದರೂ ಮೋಸಹೋಗಲಿಕ್ಕಾದರೂ ನಾನು ಇರಲೇಬೇಕಲ್ಲ ಎಂದು ಬೇರೊಂದು ಗ್ರಂಥದಲ್ಲಿ ಅವನು ಹೂಡಿದ ವಾದ ಡೆಕಾರ್ಟನಿಗಿಂತ ಹನ್ನೆರಡು ಶತಮಾನ ಹಿಂದಿನದು. ಫಿಲಿಪ್ ಕ್ಯಾರಿ 2000ದಲ್ಲಿ ಇದಕ್ಕೊಂದು ಸೂಕ್ಷ್ಮ ಕಾರಣ ಸೇರಿಸಿದರು. ಪ್ಲಾಟಿನಸನ ಪ್ರಕಾರ ಒಳಗೆ ಹೋದರೆ ಸಿಗುವುದೇ ದೈವ, ಆದ್ದರಿಂದ ಎಲ್ಲರ ಒಳಗೂ ಕೊನೆಗೆ ಒಂದೇ. ಕ್ರೈಸ್ತನಾದ ಅಗಸ್ಟೀನನಿಗೆ ಜೀವ ಸೃಷ್ಟಿಯಾದದ್ದು, ದೇವರಲ್ಲ. ಹಾಗಾಗಿ ಒಳಗೆ ಹೋದವನು ಅಲ್ಲಿಂದ ಮತ್ತೆ ಮೇಲೆ ನೋಡಬೇಕು. ಒಳಗೆ ಮತ್ತು ಮೇಲೆ ಎಂಬೆರಡರ ನಡುವೆ ತೆರೆದ ಜಾಗದಲ್ಲಿಯೇ ಮೊತ್ತಮೊದಲ ಬಾರಿಗೆ ಖಾಸಗಿಯಾದ ಒಂದು ಒಳಕೋಣೆ ಸಿದ್ಧವಾಯಿತು.

ಈ ವಾದ ಸೊಗಸಾಗಿದೆ, ಬಹುಶಃ ಅರ್ಧಕ್ಕಿಂತ ಹೆಚ್ಚು ಸರಿಯೂ ಆಗಿದೆ. ಆದರೆ ‘ಕನ್ಫೆಷನ್ಸ್’ ಮೊದಲಿನಿಂದ ಕೊನೆಯವರೆಗೆ ದೇವರನ್ನು ‘ನೀನು’ ಎಂದು ಕರೆದು ಮಾತಾಡುವ ಗ್ರಂಥ. ಅಲ್ಲಿಯ ‘ನಾನು’ ಆ ‘ನೀನು’ವಿಲ್ಲದೆ ಒಂದು ಗಳಿಗೆಯೂ ನಿಲ್ಲದು. ತನ್ನನ್ನು ತನಗಿಂತ ಚೆನ್ನಾಗಿ ಬಲ್ಲವನು ಇನ್ನೊಬ್ಬನಿದ್ದಾನೆ ಎಂದು ನಂಬಿದವನ ಒಳಕೋಣೆ ನಮ್ಮ ಅರ್ಥದಲ್ಲಿ ಖಾಸಗಿ ಹೇಗಾದೀತು? ಸಂದೇಹದಿಂದ ಹೊರಟ ಅವನ ವಾದವೂ ಜ್ಞಾನಕ್ಕೆ ಅಡಿಪಾಯ ಹಾಕುವ ಉದ್ದೇಶದ್ದಲ್ಲ. ಮಾನವ ಮನಸ್ಸಿನಲ್ಲಿ ತ್ರಿಯೇಕ ದೇವರ ನೆರಳು ಹುಡುಕುವ ಪ್ರಯತ್ನದ ಒಂದು ಮೆಟ್ಟಿಲು.

ಬೊಯಿಥಿಯಸನಲ್ಲಿ ಈ ಇಬ್ಬಂದಿ ಬಹಳ ಚಿಕ್ಕದಾಗಿ, ಸ್ಪಷ್ಟವಾಗಿ ಕಾಣಿಸುತ್ತದೆ. ದೇವತಾಶಾಸ್ತ್ರದ ವಿವಾದವೊಂದಕ್ಕಾಗಿ ಅವನು ಕೊಟ್ಟ ‘ವಿವೇಕ ಸ್ವಭಾವವುಳ್ಳ ಪ್ರತ್ಯೇಕ ಸತ್ತ್ವ’ ಎಂಬ ವ್ಯಕ್ತಿಯ ಲಕ್ಷಣವನ್ನು ಮಧ್ಯಯುಗದ ಯುರೋಪು ಒಪ್ಪಿಕೊಂಡಿತು. ಸಾಮಾನ್ಯವೂ ಪ್ರತ್ಯೇಕವೂ ಒಂದೇ ಪದಗುಚ್ಛದಲ್ಲಿ ಕೂತಿವೆ. ಮರಣದಂಡನೆಗೆ ಕಾಯುತ್ತ ಬಂಧನದಲ್ಲಿ ಬರೆದ ಗ್ರಂಥದಲ್ಲಿ, ತತ್ತ್ವಶಾಸ್ತ್ರವೇ ಹೆಣ್ಣಿನ ರೂಪದಲ್ಲಿ ಬಂದು ಮನುಷ್ಯನೆಂದರೇನು ಎಂದು ಅವನನ್ನು ಕೇಳುತ್ತಾಳೆ. ವಿವೇಕವುಳ್ಳ ಮರ್ತ್ಯ ಪ್ರಾಣಿ ಎಂದು ಪಾಠ ಒಪ್ಪಿಸುತ್ತಾನೆ. ಇನ್ನೇನೂ ಅಲ್ಲವೇ ಎಂದರೆ, ಅಲ್ಲ ಎನ್ನುತ್ತಾನೆ. ನಿನ್ನ ರೋಗದ ಮೂಲ ಸಿಕ್ಕಿತು, ನೀನು ಏನೆಂಬುದನ್ನು ಮರೆತಿದ್ದೀಯೆ ಎನ್ನುತ್ತಾಳೆ ಅವಳು. ಲಕ್ಷಣ ಸರಿಯಾಗಿದ್ದೂ ಉತ್ತರ ಸಾಲಲಿಲ್ಲ.

ಒಂದು ಪಕ್ಷವನ್ನು ಪೂರ್ತಿಯಾಗಿ ಒಪ್ಪಿದರೆ ಏನು ಸಿಗುತ್ತದೆ, ಏನು ಕೈಬಿಡುತ್ತದೆ ಎಂದೂ ನೋಡಬೇಕು. ಸ್ವ ಎಂದರೆ ಎಲ್ಲರಲ್ಲಿರುವ ಒಂದೇ ವಿವೇಕ ಎಂದಾಗ ಗುಲಾಮನೂ ದೊರೆಯೂ ಒಂದೇ ಮಟ್ಟಕ್ಕೆ ಬರುತ್ತಾರೆ. ಎರಡನೆಯ ಶತಮಾನದ ಸ್ಟೋಯಿಕ್ ಚಿಂತಕ ಹಿಯರಾಕ್ಲಿಸ್, ನಮ್ಮ ಸುತ್ತಲ ಮನೆಯವರ, ನೆಂಟರ, ಊರವರ, ಕೊನೆಗೆ ಇಡೀ ಮಾನವಕುಲದ ವೃತ್ತಗಳನ್ನು ಒಂದೊಂದಾಗಿ ಒಳಗೆ ಎಳೆದುಕೊಳ್ಳಬೇಕೆಂದು ಬೋಧಿಸಿದ್ದಕ್ಕೂ ಇದೇ ನೆಲೆ. ಆದರೆ ಆ ವೃತ್ತಗಳೊಳಗೆ ಬಂದ ಮಗು ಒಡೆಯಬಹುದಾದ ಮಡಕೆಯ ಪಕ್ಕದಲ್ಲಿ ನಿಲ್ಲಬೇಕಾಗುತ್ತದೆ. ಸ್ವ ಎಂದರೆ ಬೇರೆ ಯಾರೂ ಆಗಲಾರದ ಈ ಒಬ್ಬ ವ್ಯಕ್ತಿ ಎಂದಾಗ ದುಃಖಕ್ಕೂ ನೆನಪಿಗೂ ಹೆಲ್ವಿಡಿಯಸನ ಹಟಕ್ಕೂ ಬೆಲೆ ಬರುತ್ತದೆ. ಅದರೊಡನೆ ಸಾವಿನ ಭಯವೂ ತನ್ನನ್ನೇ ನೋಡಿಕೊಳ್ಳುವ ಚಪಲವೂ ಬರುತ್ತವೆ. ಎಲ್ಲ ಚಿಂತಕರೂ ಸಂಧಿಸುವ ಸತ್ಯ ಮಸುಕಾಗುತ್ತದೆ. ಈ ಲಾಭನಷ್ಟಗಳನ್ನು ಪ್ರಾಚೀನರು ಕಾಣದೆ ಇರಲಿಲ್ಲ.

ಎಲ್ಲವನ್ನೂ ತೂಗಿದ ಮೇಲೆ, ಹಿಂಜರಿಕೆಯಿಂದಲೇ, ಒಂದು ನಡುದಾರಿ ಹೆಚ್ಚು ನಂಬಲರ್ಹವೆಂದು ನನಗೆ ತೋರುತ್ತದೆ. ಎರಡು ಪಕ್ಷಗಳೂ ಎರಡು ಬೇರೆ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿರಬಹುದು. ಅಭ್ಯಾಸ ಎತ್ತ ಒಯ್ಯುತ್ತದೆ ಎಂದು ಕೇಳಿದರೆ ಗಿಲ್ ಮತ್ತು ಹದೊ ಹೇಳುವುದು ಹೆಚ್ಚು ಸರಿ: ಹೆಚ್ಚಿನ ಕಡೆ ಅದು ವೈಯಕ್ತಿಕವಲ್ಲದ, ಸರ್ವಸಮಾನವಾದ ಒಂದರ ಕಡೆಗೆ. ಅಭ್ಯಾಸ ಮಾಡುವವರು ಯಾರು ಎಂದು ಕೇಳಿದರೆ ಸೊರಾಬ್ಜಿಯವರ ಮಾತಿಗೆ ತೂಕ ಹೆಚ್ಚು. ಎಪಿಕ್ಟೀಟಸ್, ಸೆನೆಕ, ಮಾರ್ಕಸ್ ಮೂವರೂ ಮಾತಾಡಿದ್ದು ‘ನೀನು’ ಎಂಬ ಏಕವಚನದಲ್ಲಿ. ರಾತ್ರಿಯ ಆ ವಿಚಾರಣೆ, ಬೆಲೆ ಕಟ್ಟಿಕೊಳ್ಳುವ ಆ ಲೆಕ್ಕ, ಹಗ್ಗ ಹೊಸೆಯುವ ಆ ಕೆಲಸ ಯಾವುದನ್ನೂ ಇನ್ನೊಬ್ಬರಿಗೆ ವಹಿಸಿಕೊಡಲಾಗದು. ಹಾಗೆ ವಹಿಸಿಕೊಡಲಾಗದ ಕೆಲಸದ ಒಡೆತನವೇ ಅವರು ಕಂಡ ವ್ಯಕ್ತಿತ್ವ. ಆಧುನಿಕರು ಬಯಸುವ ಅನನ್ಯ ಅಂತರಂಗಕ್ಕಿಂತ ಇದು ತೆಳುವಾದದ್ದು, ಹಾಗೆಂದು ಇಲ್ಲವೇ ಇಲ್ಲ ಎನ್ನುವಷ್ಟು ತೆಳುವಲ್ಲ. ಈ ನಿಲುವಿಗೂ ಮಿತಿಗಳಿವೆ. ಪ್ಲಾಟಿನಸನ ಪರಮ ಐಕ್ಯದಲ್ಲಿ ಕೆಲಸವೂ ಇಲ್ಲ, ಕೆಲಸ ಮಾಡುವವನೂ ಇಲ್ಲ. ಅಗಸ್ಟೀನನಾದರೆ ಆ ಕೆಲಸವೂ ತನ್ನದಲ್ಲ, ಕೃಪೆಯದು ಎಂದುಬಿಡುತ್ತಾನೆ. ಇವರಿಬ್ಬರನ್ನು ಈ ಚೌಕಟ್ಟಿನಲ್ಲಿ ಬಲವಂತವಾಗಿ ಕೂರಿಸುವುದಕ್ಕಿಂತ ಹೊರಗೇ ಬಿಡುವುದು ಮೇಲು.

ಪ್ಲಾಟಿನಸ್ ಸಾಕ್ರಟೀಸ್ ಮತ್ತು ಪ್ಲೇಟೋರ ಹುಟ್ಟುಹಬ್ಬಗಳಂದು ಪೂಜೆ ಸಲ್ಲಿಸಿ ಗೆಳೆಯರಿಗೆ ಊಟ ಹಾಕಿಸುತ್ತಿದ್ದ. ತನ್ನ ಹುಟ್ಟಿದ ತಿಂಗಳು, ದಿನ ಯಾರಿಗೂ ಹೇಳಲಿಲ್ಲ. ತನ್ನ ಹೆಸರಿನಲ್ಲಿ ಯಾರೂ ಪೂಜೆ, ಔತಣ ನಡೆಸಬಾರದೆಂಬುದು ಅವನ ಇಷ್ಟ. ಅವನು ಸತ್ತು ಸುಮಾರು ಮೂವತ್ತು ವರ್ಷದ ಮೇಲೆ ಜೀವನಚರಿತ್ರೆ ಬರೆಯಲು ಕುಳಿತ ಪಾರ್ಫಿರಿ, ಸಾಯುವಾಗ 66 ವರ್ಷವಾಗಿತ್ತು ಎಂಬ ಮಾತಿನಿಂದ ಚಕ್ರವರ್ತಿಗಳ ಆಳ್ವಿಕೆಯನ್ನು ಹಿಂದಕ್ಕೆ ಎಣಿಸಿ ಹುಟ್ಟಿದ ವರ್ಷವನ್ನು ಲೆಕ್ಕಹಾಕಿದ. ದಿನ ಅವನಿಗೂ ಸಿಗಲಿಲ್ಲ.